ಗಂಡನ ಹೆಸರು ಕಡ್ಡಾಯ

ಎಲ್ಲ ರಗಳೆಗೂ ಮೂಲ ಹೋದ ವರ್ಷದ ಒಂದು ಒಡಪು. ಬಸವಕಲ್ಯಾಣದ ಮಹಿಳಾ ಸಂಘದವರ ಸಂಕ್ರಾಂತಿಯ ಅರಿಶಿಣ-ಕುಂಕುಮ ಅಂದರೆ ಹೆಂಗಸರೆಲ್ಲ ಸರದಿಯಂತೆ ಮೈಕಿನ ಮುಂದೆ ನಿಂತು, ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಹುದುಗಿಸಿ ಹೇಳಬೇಕು. ವರ್ಷವಿಡೀ ಗಂಡನ ಹೆಸರನ್ನು ಬಾಯಿಗೆ ತಾರದವರೂ ಅವತ್ತು ಒಡಪಿನ ಮರೆಯಲ್ಲಿ ಆ ಆಸೆ ತೀರಿಸಿಕೊಳ್ಳುತ್ತಾರೆ. ಹೋದ ವರ್ಷ ಸಂಗಮ್ಮ ಹೇಳಿದ ಒಡಪನ್ನೇ ಅವಳ ಹಿಂದೆ ನಿಂತಿದ್ದ ಧೂಳಮ್ಮನೂ ಹೇಳಿದಳು. "ನನ್ನ ಒಡಪು ಕದ್ದಾಳ!" ಎಂದು ಒಬ್ಬಳು. "ನಮ್ಮ ಆಯಿ ಕಾಲದ್ದು ಅದು, ಇಕಿ ತವರುಮನಿ ಆಸ್ತಿ ಏನು?" ಎಂದು ಇನ್ನೊಬ್ಬಳು. ಎಳ್ಳು-ಬೆಲ್ಲ ಹಂಚಬೇಕಾದ ಕೈಗಳು ಜಡೆ ಜಗ್ಗುವ ಮಟ್ಟಕ್ಕೆ ಹೋದವು.

ಅದಕ್ಕೇ ಸಂಘದ ಅಧ್ಯಕ್ಷೆ ಸುಮನಬಾಯಿ ಈ ವರ್ಷ ಪಣ ತೊಟ್ಟಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಹೊಸ ಒಡಪು, ಹಿಂದೆ ಯಾರೂ ಹೇಳಿರಬಾರದು. ಈ ಮಾತು ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದ ಸಂಜುಕುಮಾರನ ಕಿವಿಗೆ ಬಿದ್ದದ್ದೇ ತಡ, "ನಾ ಮಾಡ್ಕೊಡ್ತೀನ್ರಿ ಬಾಯಾರ, ಕಂಪ್ಯೂಟರ್ ತಾನೇ ಒಡಪು ಕಟ್ಟೂ ಹಂಗ ಒಂದು ಸ್ಕ್ರಿಪ್ಟ್ ಬರದು ಕೊಡ್ತೀನಿ" ಎಂದು ಫೋನಿನಲ್ಲೇ ಮಾತು ಕೊಟ್ಟುಬಿಟ್ಟ.

ಸಂಜುಕುಮಾರನಿಗೆ ಒಡಪಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಸುಮನಬಾಯಿಯ ಮಗಳು ದೀಪಾಲಿಯ ಮೇಲೆ. ದೀಪಾಲಿ ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು. ದಿನಾ ಕಲ್ಯಾಣದಿಂದ ಬಸ್ಸಿನಲ್ಲಿ ಬಂದು ಅವನ ಅಂಗಡಿಯ ಮುಂದೆಯೇ ಇಳಿಯುತ್ತಿದ್ದಳು. ಸಂಜುಕುಮಾರನ ಮನೆಯವರು ಹೋಗಿ ಕನ್ಯೆ ಕೇಳಿ ತಿಂಗಳುಗಳೇ ಕಳೆದಿದ್ದವು. ಸುಮನಬಾಯಿ ಮಾತ್ರ "ನೋಡಮು", ಅಂದರೆ ನೋಡೋಣ, ಎನ್ನುವುದರಾಚೆ ಒಂದು ಅಕ್ಷರ ದಾಟಿರಲಿಲ್ಲ. ಅವಳ ಗಂಡ ದೇವಿಂದ್ರಪ್ಪ ತೊಗರಿ ವ್ಯಾಪಾರಿ, ಹೆಂಡತಿ ಹ್ಞೂಂ ಅಂದ ಮೇಲೆ ತಾನೂ ಹ್ಞೂಂ ಅನ್ನುವ ಸಜ್ಜನ. ಹೀಗಾಗಿ ಸಂಕ್ರಾಂತಿಯ ಮುಂದಿನ ಶನಿವಾರ, ಅರಿಶಿಣ-ಕುಂಕುಮ ಮುಗಿಯುವುದರೊಳಗೆ, "ನೋಡಮು" ಹೋಗಿ "ಆಗ್ಲಿ" ಬರಬೇಕು ಎಂಬುದೇ ಸಂಜುಕುಮಾರನ ಪ್ರಾಣದ ಮಾತಾಗಿತ್ತು.

ಆ ಶನಿವಾರ ಬೆಳಿಗ್ಗೆ ಎದುರಿನ ಚಹಾ ಅಂಗಡಿಯ ಮಹೆಬೂಬ ಗ್ಲಾಸು ಇಟ್ಟು ಕಂಪ್ಯೂಟರಿನೊಳಗೆ ಇಣುಕಿದ.

"ಏನದು ಕರೀ ಕಿಟಕಿ? ಎಲ್ಲೈತಿ ಒಡಪು?"

"ಇದರಾಗ ಒಂದು ಸಾಲು ಬರೀಬೇಕು ಮಹೆಬೂಬಣ್ಣ. ಮದ್ಲ ಸ್ಕ್ರಿಪ್ಟಿನ ಹೆಸರು, ಅದರ ಮುಂದ ಅದಕ್ಕ ಬೇಕಾದ ಸಾಮಾನು. ಆರ್ಗ್ಯುಮೆಂಟ್ ಅಂತಾರ ಇದಕ್ಕ. ಎರಡು ಬೇಕೇ ಬೇಕು. ಹೇಳಾಕಿ ಹೆಸರು, ಅಕಿ ಗಂಡನ ಹೆಸರು. ಉಳಿದದ್ದು ಕೊಟ್ರೂ ನಡೀತದ, ಬಿಟ್ರೂ ನಡೀತದ. ತವರೂರು, ಹೂವು, ಸಿಹಿ ಅಡಿಗಿ."

"ಹೂವು ಕೊಡದಿದ್ರ?"

"ಮಲ್ಲಿಗಿ ತಾನೇ ಬರ್ತದ. ಅಡಿಗಿ ಕೊಡದಿದ್ರ ಹೋಳಿಗಿ. ಅದಕ್ಕ ಡಿಫಾಲ್ಟ್ ಅಂತಾರ."

"ಮತ್ತ ಗಂಡನ ಹೆಸರು ಕೊಡದಿದ್ರ?"

"ಒಂದು ಹೆಜ್ಜಿನೂ ಮುಂದ ಹೋಗೂದಿಲ್ಲ."

ಮಹೆಬೂಬ ತಿಳಿದವನಂತೆ ತಲೆಯಾಡಿಸಿದ. "ನನ್ನ ಚಹಾನೂ ಹಂಗೇ. ಹಾಲು, ಚಹಾಪತ್ತಿ ಬೇಕೇ ಬೇಕು. ಅದ್ರಕ್-ಶುಂಠಿ ಬೀಳೂದು ಗಿರಾಕಿ ನಸೀಬು."

ಅಷ್ಟರಲ್ಲಿ ಸುಮನಬಾಯಿ ಮೊಬೈಲಿಗೆ ಹೆಂಗಸರ ಯಾದಿ ಕಳಿಸಿದಳು. ಹೇಳುವವರ ಹೆಸರು ಇತ್ತು. ತವರೂರು ಇತ್ತು. ಕೊಡಂಬಲದವಳೊಬ್ಬಳು ಅಬ್ಬಲಿಗೆ ಹೂವೇ ಆಗಬೇಕೆಂದು ಎರಡೆರಡು ಸಲ ಬರೆಸಿದ್ದಳು. ಸಂಗಮ್ಮ ಸಿಹಿ ಅಡಿಗೆಯ ಜಾಗದಲ್ಲಿ ಒಂದು ಮದುವೆ ಊಟವನ್ನೇ ಬಡಿಸಿದ್ದಳು. ಬಿಟ್ಟರೂ ನಡೆಯುವುದೆಲ್ಲ ಭರ್ತಿಯಾಗಿ, ಬಿಡಲೇಬಾರದ ಗಂಡನ ಹೆಸರಿನ ಜಾಗ ಮಾತ್ರ ಮೇಲಿಂದ ಕೆಳಗಿನತನಕ ಬೋಳು. ಸಂಜುಕುಮಾರ ಸ್ಕ್ರಿಪ್ಟ್ ಓಡಿಸಿ ನೋಡಿದ. ತಾನೇ ಹೆಮ್ಮೆಯಿಂದ ಬರೆದಿಟ್ಟಿದ್ದ "ಗಂಡನ ಹೆಸರು ಕಡ್ಡಾಯ" ಎಂಬ ತಕರಾರು ಸಾಲುಸಾಲಾಗಿ ಪರದೆಯ ತುಂಬ ಇಳಿಯಿತು. ಒಡಪು ಒಂದೂ ಹುಟ್ಟಲಿಲ್ಲ.

ಫೋನು ಹಚ್ಚಿದ. "ಬಾಯಾರ, ಗಂಡಂದಿರ ಹೆಸರೇ ಇಲ್ಲಲ್ರಿ."

"ಹೆಸರು ಹ್ಯಾಂಗ ಹೇಳ್ಬೇಕೋ? ಹೆಸರು ಹೇಳ್ಬೇಕಂದ್ರ ಒಡಪು ಬೇಕು."

"ಒಡಪು ಆಗ್ಬೇಕಂದ್ರ ಹೆಸರು ಬೇಕ್ರಿ."

"ನೀ ಮದ್ಲ ಒಡಪು ಕೊಡು. ಅದರಾಗ ನಾವು ಹೆಸರು ಹೇಳ್ತೀವಿ."

"ನೀವು ಮದ್ಲ ಹೆಸರು ಕೊಡ್ರಿ. ಅದರಾಗ ನಾ ಒಡಪು ಮಾಡ್ತೀನಿ."

"ಇಷ್ಟು ಓದಿ ಇಷ್ಟೂ ತಿಳೀಬಾರದೇನು ನಿನಗ!" ಎಂದಳು ಸುಮನಬಾಯಿ.

ಆ ಧಾಟಿಯಲ್ಲಿ "ನೋಡಮು" ಕೂಡ ಕೈಬಿಡುವ ಸೂಚನೆ ಕಂಡು ಸಂಜುಕುಮಾರ ಬೆವತ. "ಹಂಗಾದ್ರ ಒಬ್ಬರ ಗಂಡನ ಹೆಸರು ಇನ್ನೊಬ್ಬರು ಹೇಳಿದ್ರಾಯ್ತಲ್ರಿ" ಎಂದು ತಗ್ಗಿದ ದನಿಯಲ್ಲಿ ಉಪಾಯ ಸೂಚಿಸಿದ.

"ಪರ ಗಂಡಸರ ಹೆಸರು ನಾವ್ಯಾಕ ತಗೋಬೇಕು? ಮ್ಯಾಲ, ಎಲ್ಲಾರಿಗೂ ಗೌಡ್ರು, ಮಾಸ್ತರ್ರು, ಸಾಹುಕಾರ್ರು ಅಂತೀವಿ. ಖರೇ ಹೆಸರು ಯಾರಿಗೆ ಮಾಲೂಮ್? ನೀನೇ ಒಬ್ಬೊಬ್ರಿಗೆ ಫೋನ್ ಹಚ್ಚಿ ಯುಕ್ತಿಲೆ ಕೇಳು."

ಯುಕ್ತಿ ಧೂಳಮ್ಮನಿಂದಲೇ ಶುರುವಾಯಿತು. ವಯಸ್ಸಿನಲ್ಲಿ ಅವಳೇ ಹಿರಿಯಳು.

"ಅಜ್ಜಿ, ನಿಮ್ಮ ಯಜಮಾನ್ರ ಹೆಸರೇನ್ರಿ?"

"ಹೇಳಬಾರದಪ್ಪ. ನೀನೇ ತಿಳ್ಕೋ. ಕೈಲಾಸದಾಗ ಇರ್ತಾರಲ್ಲ, ಅವ್ರು."

"ಶಿವಪ್ಪ?"

"ಅಲ್ಲ."

"ಶಂಕರಪ್ಪ? ಮಹಾದೇವಪ್ಪ?"

"ಹಂಗೇ ಒಂದೊಂದು ಅಂತ ಹೋಗು. ಬಂದ್ರ ಹ್ಞೂಂ ಅಂತೀನಿ."

ಸಂಜುಕುಮಾರ ಫೋನಿನ ಸ್ಪೀಕರ್ ಹಾಕಿದ. ಮಹೆಬೂಬ ಚಹಾದ ಪಾತ್ರೆ ಒಲೆಯ ಮೇಲೇ ಬಿಟ್ಟು ಬಂದ. ಸವಾರಿ ಕಾಯುತ್ತಿದ್ದ ಆಟೋದ ಹುಸೇನ ಬಂದ. ಝೆರಾಕ್ಸಿಗೆ ಬಂದ ಗಿರಾಕಿಗಳೂ ಪುಣ್ಯದ ಕೆಲಸವೆಂದು ಕೈಜೋಡಿಸಿದರು. ಈರಣ್ಣ, ಚಂದ್ರಶೇಖರ, ಮಲ್ಲಪ್ಪ, ನೀಲಕಂಠ, ಗಂಗಾಧರ... ಅಂಗಡಿಯಲ್ಲಿ ಸಹಸ್ರನಾಮವೇ ನಡೆದುಹೋಯಿತು. ಧೂಳಮ್ಮ ಅತ್ತಲಿಂದ ಪ್ರತಿಯೊಂದಕ್ಕೂ ಸಮಾಧಾನವಾಗಿ "ಅಲ್ಲ" ಅನ್ನುತ್ತಿದ್ದಳು. ಎದುರು ಅಂಗಡಿಯಲ್ಲಿ ಹಾಲು ಉಕ್ಕಿ ಒಲೆ ಆರಿತು.

ಕೊನೆಗೆ ಹುಸೇನನೇ ಸೋತು ಕೇಳಿದ. "ಅಜ್ಜಿ, ಕೈಲಾಸದಾಗ ಅವ್ರು ಮಾಡೂದೇನ್ರಿ?"

"ಏನು ಮಾಡ್ತಾರ, ಬಾಗಲದಾಗ ಕುಂತಿರ್ತಾರ."

"ನಂದೆಪ್ಪ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಹ್ಞೂಂ" ಎಂದಳು ಧೂಳಮ್ಮ. "ಆದ್ರ ಅದು ಕಾಗದದ ಹೆಸರಲ್ಲ. ಕಾಗದದಾಗ ಬ್ಯಾರೆ ಅದ."

ಸಂಜುಕುಮಾರ ಫೋನು ಕೆಳಗಿಟ್ಟು ತಲೆ ಹಿಡಿದುಕೊಂಡ. ಒಬ್ಬ ಗಂಡನಿಗೇ ಅರ್ಧ ದಿನ ಹೋಗಿತ್ತು, ಅವನೂ ಪೂರ್ತಿ ಕೈಗೆ ಸಿಕ್ಕಿರಲಿಲ್ಲ. ಯಾದಿಯಲ್ಲಿ ಇನ್ನೂ ಒಂದು ಬಸ್ಸು ತುಂಬುವಷ್ಟು ಗಂಡಂದಿರು ಬಾಕಿ ಇದ್ದರು.

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿಕೊಂಡು ದೀಪಾಲಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಆಗಲೇ. ಮಹೆಬೂಬ, ಹುಸೇನ ಇಬ್ಬರೂ ಅರ್ಥಗರ್ಭಿತವಾಗಿ ಕೆಮ್ಮಿ ಹೊರಗೆ ಹೋದರು, ದೂರ ಮಾತ್ರ ಹೋಗಲಿಲ್ಲ.

"ಇನ್ನೂ ಆಗಿಲ್ಲೇನ್ರಿ? ಚೀಟಿ ತಗೊಂಡೇ ಬಾ ಅಂದಾಳ ಅವ್ವ" ಎಂದಳು ದೀಪಾಲಿ. ಸಂಜುಕುಮಾರ ತನ್ನ ಕಷ್ಟ ಹೇಳಿಕೊಂಡ. ಅವಳು ಪರದೆ ನೋಡಿ ನಕ್ಕಳು. "ಇಷ್ಟಕ್ಕ ಯಾಕ ಫಿಕರ್ ಮಾಡ್ತೀರಿ? ಗಂಡನ ಹೆಸರು ಬೇಕೇ ಬೇಕು ಅನ್ನೋದು ತೆಗೀರಿ. ಕೊಡದಿದ್ರ 'ನಮ್ಮ ಮನಿಯವರು' ಅಂತ ತಾನೇ ಬರ್ಲಿ. ಓದುವಾಗ ಆ ಜಾಗದಾಗ ಅವರವರ ಹೆಸರು ಅವರೇ ಹೇಳ್ಕೋತಾರ."

ಎಷ್ಟು ಸರಳ! ಇಂಥ ಬುದ್ಧಿವಂತೆ ಮನೆಗೆ ಬಂದರೆ ಬಾಳು ಹೇಗಿದ್ದೀತು ಎಂದು ಸಂಜುಕುಮಾರನಿಗೆ ಎದೆ ತುಂಬಿ ಬಂತು. ತಕ್ಷಣ ಕಡ್ಡಾಯ ಎಂಬುದನ್ನು ಅಳಿಸಿದ. ಅದರ ಜಾಗದಲ್ಲಿ ಡಿಫಾಲ್ಟ್ ಬರೆಯಲು ಬೆರಳೆತ್ತಿದಾಗ ದೀಪಾಲಿ ಸ್ವಲ್ಪ ತಡವರಿಸಿ, "ಮದ್ಲ ನನಗೊಂದು ಮಾಡ್ಕೋತೀನ್ರಿ. ಈ ಸಲ ಲಗ್ನ ಆಗದವ್ರೂ ಹೇಳ್ಬೇಕಂತ, ತಮಾಷಾಕ್ಕ" ಎಂದಳು.

ಸಂಜುಕುಮಾರನ ತಲೆಯಲ್ಲಿ ಒಂದು ದೀಪ ಹತ್ತಿತು. ಲಗ್ನವಾಗದ ಹುಡುಗಿ ಗಂಡನ ಹೆಸರು ಕೊಡುವುದಂತೂ ಸಾಧ್ಯವಿಲ್ಲ. ಕೊಡದಿದ್ದರೆ ಬರುವುದು ಡಿಫಾಲ್ಟು. ಅವನು ಅವಳಿಗೆ ಕಾಣದಂತೆ ಪರದೆಗೆ ಅಡ್ಡ ಕೂತು, "ನಮ್ಮ ಮನಿಯವರು" ಎಂದು ಬರೆಯಬೇಕಾದಲ್ಲಿ "ಸಂಜುಕುಮಾರ" ಎಂದು ಬರೆದ. ಇವಳದೊಂದು ಆಗಲಿ, ಉಳಿದವರಿಗೆ ಆಮೇಲೆ ಬದಲಿಸಿದರಾಯಿತು ಎಂದು ಲೆಕ್ಕ ಹಾಕಿದ.

"ಹೆಸರು ಹಾಕಬೇಕಂತಿಲ್ರಿ, ಬಿಟ್ರೂ ನಡೀತದ" ಎಂದ ಮೆತ್ತಗೆ.

"ಹಾಕಬೇಕಂದ್ರ?"

"ಬೇಕಂದ್ರ ಇಲ್ಲಿ ಎರಡು ಗೆರಿ ಎಳದು, ಗಂಡ ಅಂತ ಬರದು, ಮುಂದ ಹಾಕ್ಬೇಕು. ಬಿಟ್ರೇ ಭಾಳ ಛಲೋ."

ಪ್ರಿಂಟರಿನಲ್ಲಿ ಹಾಳೆ ಮುಗಿದಿತ್ತು. ಅವನು ಒಳಗಿನ ಕಪಾಟಿನಿಂದ ಹಾಳೆ ತರುವಷ್ಟರಲ್ಲಿ ಅವಳು ಟೈಪು ಮಾಡಿ ಮುಗಿಸಿದ್ದಳು. ಹಾಳೆ ಇಟ್ಟದ್ದೇ ಚೀಟಿ ಹೊರಬಂತು. ದೀಪಾಲಿ ಅದನ್ನು ಓದಿ, ಕೆಂಪಾಗಿ, ಮಡಚಿ ಪರ್ಸಿಗೆ ಹಾಕಿಕೊಂಡಳು. ಆ ಕೆಂಪು ನೋಡಿ ಸಂಜುಕುಮಾರನಿಗೆ ಕಾಲು ನೆಲಕ್ಕೆ ತಾಗದಂತಾಯಿತು.

"ಸಂಜು, ಕಲ್ಯಾಣ ಬಸ್ ಬಂತು! ಜಲ್ದಿ!" ಎಂದು ಮಹೆಬೂಬ ಹೊರಗಿನಿಂದ ಅರಚಿದ. ಹುಸೇನ ಹೋಗಿ ಬಸ್ಸಿನ ಮುಂದೆಯೇ ಆಟೋ ಅಡ್ಡ ಹಾಕಿದ. ಡ್ರೈವರು ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಸಂಜುಕುಮಾರ ಯಾದಿಯಲ್ಲಿದ್ದವರಿಗೆಲ್ಲ ಒಟ್ಟಿಗೆ ಸ್ಕ್ರಿಪ್ಟ್ ಓಡಿಸಿದ. ಈ ಸಲ ಒಂದೂ ತಕರಾರಿಲ್ಲ. ಚೀಟಿಗಳು ಬಿಸಿಬಿಸಿಯಾಗಿ ಉದುರಿದವು. ಹೇಳುವವರ ಹೆಸರಷ್ಟೇ ಹೊರಗೆ ಕಾಣುವಂತೆ ಗಡಿಬಿಡಿಯಲ್ಲಿ ಮಡಚುತ್ತ ಅವನು ಬಸ್ಸಿಗೆ ಓಡಿದ. ಡಿಫಾಲ್ಟ್ ಬದಲಿಸುವ ಮಾತು ಅವನ ತಲೆಯಿಂದ ಆ ಕೆಂಪು ಮುಖ ನೋಡಿದಾಗಲೇ ಹಾರಿಹೋಗಿತ್ತು.

ಬಸ್ಸಿನಲ್ಲಿ ದೀಪಾಲಿ ಮುಂದಿನ ಸೀಟಿನಲ್ಲಿ ಕೂತು ಮೊಬೈಲು ನೋಡಿ ತನ್ನಷ್ಟಕ್ಕೆ ನಗುತ್ತಿದ್ದಳು. ದಾರಿಯಲ್ಲಿನ ರಾಜೇಶ್ವರ ಊರು ದಾಟುವಷ್ಟರಲ್ಲಿ ಹಿಂದೆ ನಿಂತಿದ್ದ ಸಂಜುಕುಮಾರ ಮನಸ್ಸಿನಲ್ಲೇ ಲಗ್ನದ ಊಟದ ಎಲೆ ಹಾಸಿ ಮುಗಿಸಿದ್ದ.

ಕಲ್ಯಾಣದ ಸಭಾಭವನದಲ್ಲಿ ರೇಷ್ಮೆ ಸೀರೆಗಳ ಸರಬರ. ಹೆಂಡಂದಿರನ್ನು ಕರೆದೊಯ್ಯಲು ಬಂದಿದ್ದ ಗಂಡಂದಿರು ಬಾಗಿಲ ಬಳಿ ಸಾಲಾಗಿ ನಿಂತಿದ್ದರು. ಅವರ ನಡುವೆ ದೇವಿಂದ್ರಪ್ಪನೂ ಇದ್ದ. ಮೈಕ್ ಸೆಟ್ಟಿನ ಸ್ವಪ್ನಿಲ ವಾಯರು ಜೋಡಿಸುತ್ತಿದ್ದ. ಊರಿನ ಯಾವ ಸಮಾರಂಭಕ್ಕೂ ಅವನದೇ ಸ್ಪೀಕರು. ಸುಮನಬಾಯಿ ಸಂಜುಕುಮಾರನನ್ನು ಒಯ್ದು ಮುಂದಿನ ಕುರ್ಚಿಯಲ್ಲೇ ಕೂಡಿಸಿದಳು. "ಎಲ್ಲಾರೂ ಕೇಳ್ರಿ. ಚೀಟಿ ಮೈಕಿನ ಮುಂದೇ ಬಿಚ್ಚಬೇಕು. ಮದ್ಲ ನೋಡಿದ್ರ ಮತ್ತ ಕದ್ರು ಅಂತ ಜಗಳ ಬ್ಯಾಡ" ಎಂದು ಸಾರಿದಳು.

ಹಿರಿತನದ ಮರ್ಯಾದೆ ಧೂಳಮ್ಮನಿಗೆ. ಅವಳು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಹೆಕ್ಕಿ ಓದಿದಳು.

"ಎಳ್ಳು ಹುರದೀನಿ, ಬೆಲ್ಲ ಕುಟ್ಟೀನಿ, ಬಟ್ಟಲ ತುಂಬೀನಿ... ಸಂ... ಜು... ಕು... ಮಾ... ರರ ಹೆಸರ ಹೇಳಿ ಹೊಸ್ತಿಲ ದಾಟೀನಿ."

ಬಾಗಿಲಲ್ಲಿ ನಿಂತಿದ್ದ ಮುದುಕ ನಂದೆಪ್ಪ, "ಯಾಂವಾಂವ?" ಎಂದು ಪಕ್ಕದವನನ್ನು ಕೇಳಿದ. ಸಂಜುಕುಮಾರನಿಗೆ ಒಮ್ಮೆಲೇ ಡಿಫಾಲ್ಟ್ ನೆನಪಾಯಿತು.

"ಅಜ್ಜಿಗೆ ಕಣ್ಣು ಕಾಣಂಗಿಲ್ಲ, ತಪ್ಪು ಓದ್ಯಾರ" ಎಂದು ಹೊಸ ಮದುಮಗಳು ಸ್ನೇಹಲ್ ಮುಂದೆ ಬಂದಳು. ಅವಳ ಗಂಡ ಧನರಾಜ ತಾಲೀಮಿನ ಪೈಲ್ವಾನ. ಸ್ನೇಹಲ್ ಇಂಗ್ಲಿಷ್ ಶಾಲೆಯ ವೇಗದಲ್ಲಿ ಗಡಗಡ ಓದಿಬಿಟ್ಟಳು.

"ಮಲ್ಲಿಗಿ ಮುಡದರ ಮನಿಯೆಲ್ಲ ಘಮಘಮ, ಸಂಜುಕುಮಾರರು ಬಂದರ ನನ್ನ ಗೆಜ್ಜಿ ಘಲಘಲ!"

ಹೆಸರು ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೆ ತಿಳಿದದ್ದು. ನಾಲಿಗೆ ಕಚ್ಚಿಕೊಂಡಳು. ಬಾಗಿಲಲ್ಲಿ ಧನರಾಜನ ತೋಳಿನ ಅಂಗಿ ಬಿಗಿಯಿತು. ಸುಮನಬಾಯಿ ಮೈಕು ಕಸಿದುಕೊಂಡು, "ಜರಾ ತಡೀರಿ, ಓದೂದೂ ಬರೂದಿಲ್ಲ ನಿಮಗ. ಹೀಂಗ ಓದ್ಬೇಕು" ಎಂದು ತನ್ನ ಚೀಟಿ ಬಿಚ್ಚಿದಳು. ಸಂಜುಕುಮಾರ "ಬಾಯಾರ, ಬ್ಯಾಡ್ರಿ!" ಎಂದು ಎದ್ದು ನಿಲ್ಲುವಷ್ಟರಲ್ಲಿ ಅವಳು ರಾಗವಾಗಿ ಶುರುಮಾಡಿದ್ದಳು.

"ಕಲ್ಯಾಣದ ಕೋಟಿ ಎಷ್ಟು ಗಟ್ಟಿಯೋ ನನ್ನ ಸಂಸಾರ ಅಷ್ಟು ಗಟ್ಟಿ, ಸಂಜುಕುಮಾರರ ಕೈ ಹಿಡದು ಏರೀನಿ ಪುಣ್ಯದ ಕಟ್ಟಿ."

ಭವನದ ಸೂರು ಹಾರುವಂಥ ನಗೆ ಎದ್ದಿತು. ಸಂಗಮ್ಮ, ಧೂಳಮ್ಮ ಹೋದ ವರ್ಷದ ಜಗಳ ಮರೆತು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು. ಉಳಿದವರು ತಂತಮ್ಮ ಚೀಟಿ ಬಿಚ್ಚಿ ನೋಡಿದರು. ಎಲ್ಲರಿಗೂ ಒಬ್ಬನೇ ಗಂಡ. ಗಂಡಂದಿರು ಮಾತ್ರ ನಗದೆ ಒಳಗೆ ಬಂದರು.

"ಅದು ಡಿಫಾಲ್ಟ್ ಅದರಿ!" ಎಂದು ಸಂಜುಕುಮಾರ ಕುರ್ಚಿಯ ಹಿಂದೆ ಸರಿದು ಕೈಮುಗಿದ. "ಏನೂ ಹೇಳದಿದ್ರ ತಾನೇ ಬರ್ತದ್ರಿ!"

"ಅಂದ್ರ ನನ್ನ ಹೆಂಡತಿ ಏನೂ ಹೇಳದಿದ್ರ ನೀ ತಾನೇ ಬರ್ತೀಯೇನಲೇ?" ಎಂದು ಧನರಾಜ ಅವನ ಕೊರಳಪಟ್ಟಿಗೆ ಕೈಹಾಕಿದ.

"ತಡೀಪಾ ಧನರಾಜ" ಎಂದು ದೇವಿಂದ್ರಪ್ಪ ನಡುವೆ ಬಂದ. "ಹಬ್ಬದ ದಿನ ಕೈ ಮಾಡಬ್ಯಾಡ. ಏ ಹುಡುಗ, ಖರೇ ಹೇಳು. ಊರಾಗ ಇಷ್ಟು ಹೆಸರು ಇರುವಾಗ ನಿನ್ನ ಹೆಸರೇ ಯಾಕ ಬಂತು?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಸಂಜುಕುಮಾರ ತಲೆ ತಗ್ಗಿಸಿದ. "ಒಂದೇ ಚೀಟಿ ಸಲುವಾಗಿ ಹಾಕಿದ್ದೆ ಸಾಹುಕಾರ್ರ. ದೀಪಾಲಿಯವರ ಚೀಟಿಗೆ. ಬಸ್ಸಿನ ಗಡಿಬಿಡಿಯಾಗ ಬದಲ್ ಮಾಡೂದು ಮರ್ತೆ. ನನ್ನ ಮನಸ್ಸಿನಾಗ ಅಕಿ ಒಬ್ಬಾಕಿನೇ ಇರೂದು. ನಿಮ್ಮ 'ನೋಡಮು' ಕೇಳಿ ಕೇಳಿ ಸಾಕಾಗಿತ್ತು."

ನಗೆ ನಿಂತಿತು. ಒಬ್ಬಿಬ್ಬರು "ಅಯ್ಯ, ಪಾಪ" ಎಂದರು. ಧನರಾಜನ ಕೈ ತಾನಾಗಿ ಸಡಿಲಿ, ಅಂಗಿಯನ್ನು ನೇರ ಮಾಡಿತು. "ಭಿಡೆ ಬಿಟ್ಟು ಮನಸ್ಸಿನ ಮಾತು ಹೇಳ್ಯಾನ. ಇಂಥಾ ಅಳಿಯ ಹುಡುಕಿದ್ರೂ ಸಿಗೂದಿಲ್ಲ ಸುಮನಾ" ಎಂದು ಧೂಳಮ್ಮ ಶಿಫಾರಸು ಮಾಡಿದಳು. ಸುಮನಬಾಯಿಯ ಮುಖವೂ ಮೆತ್ತಗಾಯಿತು. ಅವಳು ಗಂಡನ ಕಡೆ ನೋಡಿ ಸಣ್ಣಗೆ ಹ್ಞೂಂ ಅಂದಳು.

ದೇವಿಂದ್ರಪ್ಪ ಮೈಕು ಕೈಗೆತ್ತಿಕೊಂಡ. ಹೆಂಡತಿಯ ಹ್ಞೂಂ ಸಿಕ್ಕ ಮೇಲೆ ಅವನಿಗೆ ಎಲ್ಲಿಲ್ಲದ ಗತ್ತು. "ದೀಪಾಲಿ, ಬಾ ಮಗಳ. ನಿನ್ನ ಚೀಟಿ ಓದು. ಅದರಾಗ ಯಾವ ಹೆಸರು ಬಂದದ, ಆ ಹುಡುಗಗ ನಿನ್ನ ಕೊಟ್ಟೆ. ಇಷ್ಟು ಮಂದಿ ಮುಂದ ಈ ದೇವಿಂದ್ರಪ್ಪನ ಮಾತು."

"ಖರೇನಾ ಅಪ್ಪಾ?" ಎಂದಳು ದೀಪಾಲಿ.

"ತೊಗರಿ ಬಜಾರಿನಾಗ ನನ್ನ ಮಾತು ಎಂದಾದ್ರೂ ತಪ್ಪೇದೇನು?"

ಸಂಜುಕುಮಾರ ಕಣ್ಣು ಮುಚ್ಚಿಕೊಂಡ. ಇಷ್ಟು ಹೊತ್ತಿನ ಅವಮಾನವೆಲ್ಲ ಹೂವಿನಂತೆ ಹಗುರಾಯಿತು. ದೀಪಾಲಿ ಪರ್ಸಿನಿಂದ ಚೀಟಿ ತೆಗೆದು, ಒಂದು ಉಸಿರು ಎಳೆದುಕೊಂಡು ಓದಿದಳು.

"ಎಳ್ಳಿನ ಜೋಡಿ ಬೆಲ್ಲ ಕೂಡಿದರ ಸಂಕ್ರಾಂತಿ, ಸ್ವಪ್ನಿಲರ ಹೆಸರ ಹೇಳಿದರ ನನ್ನ ಮನಸಿಗೆ ಶಾಂತಿ."

ಮೂಲೆಯಲ್ಲಿ ಸ್ವಪ್ನಿಲನ ಕೈ ಯಾವ ಗುಂಡಿ ಒತ್ತಿತೋ, ಸ್ಪೀಕರು ಕೀಂ ಎಂದು ಚೀರಿತು.

ಸಂಜುಕುಮಾರ ಕಣ್ಣು ತೆರೆದ. "ತಾನೇ ಬರೂ ಹೆಸರು ಅದಲ್ರಿ..." ಎಂದು ತೊದಲಿದ.

"ತಾನೇ ಬಂದಿಲ್ಲ ಅಣ್ಣಾರ, ನಾನೇ ಹಾಕೀನಿ" ಎಂದಳು ದೀಪಾಲಿ, ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಬೇಕಂದ್ರ ಹಾಕ್ಬಹುದು ಅಂತ ನೀವೇ ತೋರಿಸಿದ್ರಲ್ಲ. ಅಪ್ಪನ ಮುಂದ ಈ ಹೆಸರು ಹೇಳಾಕ ಮೂರು ವರ್ಷದಿಂದ ಧೈರ್ಯ ಬಂದಿದ್ದಿಲ್ಲ. ನಿಮ್ಮ ಉಪಕಾರ ಜನ್ಮದಾಗ ಮರೆಯೂದಿಲ್ಲ."

ದೇವಿಂದ್ರಪ್ಪ ಹೆಂಡತಿಯ ಮುಖ ನೋಡಿದ. ಸುಮನಬಾಯಿ ಮೈಕಿನ ಮುಖ ನೋಡಿದಳು. ಮಾತು ಊರಿಗೆಲ್ಲ ಕೇಳಿಯಾಗಿತ್ತು. ಸ್ವಪ್ನಿಲನ ಸ್ಪೀಕರಿಗೆ ಕೋಟೆಯ ತನಕ ಕೇಳಿಸುವ ತಾಕತ್ತಿತ್ತು. ತುಸು ಹೊತ್ತಿನಲ್ಲಿ ಹೆಂಗಸರು ಇಬ್ಬರನ್ನೂ ಒಟ್ಟಿಗೆ ಕೂಡಿಸಿ ಆರತಿ ಎತ್ತಿದರು. ಸ್ವಪ್ನಿಲ ಓಡಿ ಬಂದು ಸಂಜುಕುಮಾರನ ಕಾಲಿಗೆ ಬಿದ್ದ. ಅವನನ್ನು ಎಬ್ಬಿಸಿ ಅಪ್ಪಿಕೊಳ್ಳುವುದು ಬಿಟ್ಟು ಸಂಜುಕುಮಾರನಿಗೆ ಬೇರೆ ದಾರಿ ಇರಲಿಲ್ಲ.

ಅವನು ಚಪ್ಪಲಿ ಹುಡುಕುತ್ತಿದ್ದಾಗ ಧೂಳಮ್ಮ ಬಂದು ಅವನ ಬೊಗಸೆಗೆ ಎಳ್ಳು-ಬೆಲ್ಲ ಹಾಕಿದಳು. ಅವನ ಗಲ್ಲ ಸವರಿ, ನಿಜವಾದ ಮರುಕದಿಂದ ನಿಟ್ಟುಸಿರಿಟ್ಟಳು.

"ಊರ ಹೆಂಗಸರೆಲ್ಲ ನಿನ್ನ ಹೆಸರು ತಗೊಂಡ್ರೂ, ನೀ ಒಬ್ಬನೇ ಮನಿಗೆ ಹೋಗ್ಬೇಕಾಯ್ತಲ್ಲೋ ಮಗನ!"